ಚೀಟಿಡಬ್ಬಿಯಲ್ಲಿ ಅಕ್ರೋಟು

ಡಬ್ಬಿಯ ಮುಚ್ಚಳ ತೆಗೆದ ಸನೋಬರಳ ಕೈ ಅಲ್ಲೇ ನಿಂತಿತು. ಒಳಗೆ ಚೀಟಿಗಳಿಲ್ಲ. ಗುರುತಿನ ಕಾರ್ಡೂ ಇಲ್ಲ. ಸದ್ದಾಗದಂತೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಅಕ್ರೋಟು—ಡಬ್ಬಿ ತುಂಬ!

"ನಿಲ್ಲಿಸಿ! ಗಾಡಿ ನಿಲ್ಲಿಸಿ!"

ಓಶ್ ನಗರಕ್ಕೆ ಹೊರಟ ಬಾಡಿಗೆ ಕಾರು ಆಗಲೇ ಬೆಟ್ಟ ಇಳಿದು ಬಜಾರ್ ಕೋರ್ಗೋನ್ ಪೇಟೆ ತಲುಪಿತ್ತು. ಅವಳು ಇಳಿದು, ಎದುರು ಬಂದ ಹಾಲಿನ ವ್ಯಾನಿಗೆ ಅಡ್ಡ ನಿಂತು, ತನ್ನೂರು ಅರ್ಸ್ಲಾನ್‌ಬೋಬಿಗೆ ವಾಪಸು ಹೊರಟಳು.

ಮಧ್ಯಾಹ್ನ ಎರಡಕ್ಕೆ ಓಶ್‌ನಲ್ಲಿ ಪರೀಕ್ಷೆ, ವರ್ಷಕ್ಕೊಂದೇ ಸಲ. ಕಾರ್ಡಿಲ್ಲದೆ ಗೇಟಿನೊಳಗೆ ಬಿಡುವುದಿಲ್ಲ. ಗೆದ್ದರೆ ಹೊರದೇಶದಲ್ಲಿ ಪುಕ್ಕಟೆ ಓದು. ಇಪ್ಪತ್ತೈದು ತುಂಬಿದವರು ಪರೀಕ್ಷೆಗೆ ಕೂರುವ ಹಾಗಿಲ್ಲ; ಅವಳಿಗೆ ಬರುವ ತಿಂಗಳು ತುಂಬುತ್ತದೆ. ಇದೇ ಕೊನೆಯ ಸಲ. ತಪ್ಪಿದರೆ, ಭಾನುವಾರ ಹೆಣ್ಣು ಕೇಳಲು ಬರುವವರ ಮುಂದೆ ತಲೆ ತಗ್ಗಿಸಿ ಚಹಾ ಬಗ್ಗಿಸಬೇಕು.

ಹಿಂದೆ ಎರಡು ಸಲವೂ ಅವಳನ್ನು ಕೆಡವಿದ್ದು ಇಂಗ್ಲಿಷಿನ ಜೋಡಿಪದಗಳು. ಗಿವ್ ಎಂದರೆ ಕೊಡು, ಅಪ್ ಎಂದರೆ ಮೇಲೆ. ಎರಡೂ ಸೇರಿದರೆ ಕೈಚೆಲ್ಲು! ಅಪ್ ತೆಗೆದು ಇನ್ ಹಾಕಿದರೆ ಮಣಿದುಬಿಡು! ಯಾವ ಪುಣ್ಯಾತ್ಮ ಕಟ್ಟಿದನೋ ಇದನ್ನು. ಚಳಿಗಾಲವಿಡೀ ರಟ್ಟು ಕತ್ತರಿಸಿ, ಜೋಡಿಗೊಂದು ಚೀಟಿ ಬರೆದಿದ್ದಳು. ಅಣ್ಣನ ಹೆಂಡತಿ ಓರ್ಜಿಗುಲ್ ಒಲೆಯ ಪಕ್ಕ ಕೂತು ಮಗುವಿಗೆ ಹಾಲೂಡಿಸುತ್ತ ಚೀಟಿ ಎತ್ತಿ ಕೇಳುತ್ತಿದ್ದಳು, ಇವಳು ಹೇಳುತ್ತಿದ್ದಳು. ಗುರುತಿನ ಕಾರ್ಡೂ ಅದೇ ಅಳತೆಯದು. ಕಳೆಯದಿರಲೆಂದು ಚೀಟಿಗಳ ನಡುವೆಯೇ ಸಿಕ್ಕಿಸಿಟ್ಟಿದ್ದಳು.

ಮನೆಯ ಬಾಗಿಲು ತಳ್ಳಿ ಓಡಿದಳು. ನೀರು ಚಿಮುಕಿಸಿ ಗುಡಿಸಿದ ಅಂಗಳದ ಮೇಲೆ ಅವಳ ಬೂಟಿನ ಗುರುತು ಸಾಲಾಗಿ ಮೂಡಿತು.

"ಅಯ್ಯೋ ಸನೋಬರ್ ಅಕ್ಕ, ಏನಾಯ್ತು?" ಓರ್ಜಿಗುಲ್ ಎದುರು ಬಂದಳು.

ಸನೋಬರ್ ಅವಳನ್ನು ದಾಟಿ ನೇರ ತಾಯಿಯ ಮುಂದೆ ನಿಂತಳು. "ಅಮ್ಮಾ, ಎಲ್ಲಿಟ್ಟೆ?"

"ಏನನ್ನೇ?"

"ನಾಟಕ ಬೇಡ. ನನ್ನ ಕಾರ್ಡು! ಭಾನುವಾರದವರೆಗೆ ಕಟ್ಟಿಹಾಕೋಕೆ ತಾನೇ?"

ಮಾಹಿರಾ ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟಳು. "ನೀನು ಹೋಗೋದು ನಂಗಿಷ್ಟ ಇಲ್ಲ. ಮುಖಕ್ಕೇ ಹೇಳಿದೀನಿ. ಕದಿಯೋ ಕರ್ಮ ನನಗ್ಯಾಕೆ?"

"ಇಬ್ರೂ ಬಾಯಿ ಮುಚ್ಚಿ," ಎಂದ ಹೋಶಿಮ್ ಮಾವ. ಮಾಹಿರಾಳ ಅಣ್ಣ, ಪಕ್ಕದ ಮನೆಯವನು, ಪೊಲೀಸ್ ಇಲಾಖೆಯಲ್ಲಿ ಕಳ್ಳರ ಬೆನ್ನು ಹತ್ತಿ ಹತ್ತಿ ನಿವೃತ್ತನಾದವನು. ಕೂಗು ಕೇಳಿ ಚಹಾದ ಬಟ್ಟಲು ಹಿಡಿದೇ ಬಂದಿದ್ದ. "ಡಬ್ಬಿ ಕೊನೇಲಿ ಯಾವಾಗ ನೋಡಿದೆ?"

"ರಾತ್ರಿ. ಚೀಲಕ್ಕೆ ಹಾಕಿ ಬಾಗಿಲ ಹತ್ರ ಇಟ್ಟೆ."

"ಯಾರ್ಯಾರಿದ್ರು?"

"ಅಮ್ಮ, ಓರ್ಜಿಗುಲ್—ನೀವು!"

"ನಾನಾ?"

"ನೀವೇ! ಚೀಟಿ ಹಿಡ್ಕೊಂಡು ನಗ್ತಿದ್ರಲ್ಲ?"

"ಒಂದು ಗೆಟ್‌ಗೆ ಇಷ್ಟೊಂದು ಬಾಲ ಕಟ್ಟಿದಾರಲ್ಲ ಅಂತ ನಕ್ಕೆ. ಕದ್ದು ಏನು, ಉಪ್ಪಿನಕಾಯಿ ಹಾಕ್ಲಾ?"

ಸನೋಬರ್ ನೆಲಕ್ಕೆ ಕುಸಿದಳು. ಗೋಡೆಯ ಗಡಿಯಾರ ನೋಡಲು ಅವಳಿಗೆ ಧೈರ್ಯವಿರಲಿಲ್ಲ. "ಮಾವ, ಹೊತ್ತು ಹೋಗ್ತಿದೆ! ಇದು ತಪ್ಪಿದ್ರೆ ನಾನು ಮುಗಿದೆ, ತಿಳೀತಾ? ಮುಗಿದೆ!" ಹಣೆ ಹಣೆ ಚಚ್ಚಿಕೊಂಡಳು. ಓರ್ಜಿಗುಲ್ ಓಡಿಬಂದು ಆ ಕೈ ಹಿಡಿದು ಬಿಕ್ಕಿಬಿಕ್ಕಿ ಅತ್ತಳು.

ಮಾವ ಮನೆಯೊಳಗೆಲ್ಲ ಸುತ್ತಿದ. ಗೂಟಕ್ಕೆ ಬಟ್ಟೆಯಲ್ಲಿ ಸುತ್ತಿ ತೂಗುಹಾಕಿದ್ದ ರೊಟ್ಟಿಯನ್ನು ಬಿಚ್ಚಿ ನೋಡಿದ. ಅಂಚಿನಲ್ಲಿ ಒಂದು ತುತ್ತು ಕಚ್ಚಿದ ಗುರುತು.

"ಇದು?"

"ಬೆಳಿಗ್ಗೆ ಹೊರಡುವಾಗ ಅವಳ ಕೈಲಿ ಕಚ್ಚಿಸಿದ್ದು," ಎಂದಳು ಮಾಹಿರಾ, ಮುಖ ತಿರುಗಿಸಿ. "ಉಳಿದದ್ದು ತಿನ್ನೋಕಾದ್ರೂ ಸುಖವಾಗಿ ವಾಪಸ್ ಬರಲಿ ಅಂತ."

ಮಾವ ಸನೋಬರಳ ಕಡೆ ತಿರುಗಿದ. "ನಿನ್ನಮ್ಮ ಅಲ್ಲ. ಬೈಕೊಂಡೇ ಕಳಿಸಿಕೊಟ್ಟಿದಾಳೆ. ಹೋಗಲ್ಲ ಅಂತ ಗೊತ್ತಿದ್ರೆ ರೊಟ್ಟಿ ತೂಗುಹಾಕ್ತಿರಲಿಲ್ಲ."

"ಮತ್ಯಾರು?"

ಅವನು ಹೊಸ್ತಿಲಲ್ಲಿ ನಿಂತು ಹೊರಗೆ ನೋಡಿದ.

"ಅಂಗಳ ಗುಡಿಸಿದ್ಯಾರು?"

"ಮಗಳ ಬಾಳು ಹೋಗ್ತಿದೆ, ನಿಂಗೆ ಕಸದ ಚಿಂತೆ!" ಮಾಹಿರಾ ಸಿಡುಕಿದಳು. "ದಿನಾ ಗುಡಿಸೋಳು ಸೊಸೆ. ಇನ್ಯಾರು?"

"ಯಾವಾಗ ಗುಡಿಸಿದೆ, ತಾಯಿ?"

"ದಿನದ ಹಾಗೇ ಮಾವ..." ಓರ್ಜಿಗುಲ್ ತಲೆವಸ್ತ್ರದ ತುದಿ ಹಿಂಡಿದಳು. "ಅಕ್ಕ ಹೋದ ಮೇಲೆ."

ಮಾಹಿರಾ ಬಾಯಿ ಮೇಲೆ ಕೈಯಿಟ್ಟಳು. "ಹೋದವಳ ಬೆನ್ನಿಗೇ ಪೊರಕೆ ಹಿಡಿದ್ಯಾ?"

"ಅದೇ ನಾನೂ ಕೇಳ್ತಿರೋದು," ಎಂದ ಮಾವ. ದನಿ ಏರಲಿಲ್ಲ. "ನಿನ್ನ ಗಂಡ ರಷ್ಯಾಕ್ಕೆ ಹೋದಾಗ ನೆನಪಿದೆಯಾ? ಅವನು ತಲುಪಿದೆ ಅಂತ ಫೋನ್ ಮಾಡೋವರೆಗೂ ಪೊರಕೆ ಮುಟ್ಟಲಿಲ್ಲ ನೀನು. ಕಸ ಕಾಲಿಗೆ ತೊಡರ್ತಿತ್ತು, ಅತ್ತೆ ಬೈತಿದ್ಲು, ಆದ್ರೂ ಮುಟ್ಟಲಿಲ್ಲ. ಇವತ್ತು ಗುಡಿಸಿದೆ. ಸನೋಬರ್‌ಗೆ ದಾರೀಲಿ ಕೇಡಾಗಲಿ ಅಂತ ಬಯಸೋಳಾ? ಅಲ್ಲ. ಹಾಗಾದ್ರೆ—ಅವಳು ಓಶ್‌ವರೆಗೆ ಹೋಗೋದೇ ಇಲ್ಲ, ಅರ್ಧಕ್ಕೇ ವಾಪಸ್ ಬರ್ತಾಳೆ ಅಂತ ಈ ಮನೇಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು."

ಓರ್ಜಿಗುಲ್ ಒಳಗೆ ಹೋಗಿ ತೊಟ್ಟಿಲ ಹಾಸಿಗೆಯಡಿ ಕೈಹಾಕಿ ಚೀಟಿಕಟ್ಟನ್ನೂ ಕಾರ್ಡನ್ನೂ ತಂದು ಮುಂದೆ ಹಿಡಿದಳು.

"ನೀನಾ?" ಸನೋಬರ್ ಕಾರ್ಡು ಕಸಿದುಕೊಂಡಳು. "ಚಳಿಗಾಲವೆಲ್ಲ ಜೊತೆ ಕೂತವಳು ನೀನಾ?"

"ಇವರಿಗೆಲ್ಲ ನಾನು ಸೊಸೆ. ಹೆಸರು ಹಿಡಿದು ಕರೆಯೋಳು ನೀನೊಬ್ಳೇ. ನೀನೂ ಹೋದ್ರೆ... ತಪ್ಪಾಯ್ತು. ಹೊಡಿ ನನ್ನ."

ಹೊಡೆಯಲು ಎತ್ತಿದ ಕೈಯಿಂದಲೇ ಸನೋಬರ್ ಅವಳ ರಟ್ಟೆ ಹಿಡಿದಳು. "ಹತ್ತು ಕಾರು! ಓಶ್ ಬರೋವರೆಗೂ ಚೀಟಿ ಕೇಳ್ತಾ ಇರಬೇಕು. ನಿಲ್ಲಿಸಿದ್ರೆ ನೋಡು!"

ಮಗುವನ್ನು ಅಜ್ಜಿಗೆ ಬಿಟ್ಟು ಹೊರಟರು. ಮಾವ ಹಳೆಯ ಕಾರನ್ನು ಹೊಡೆದು ಬಡಿದು ಓಡಿಸಿದ. ಓರ್ಜಿಗುಲ್ ಅಳುತ್ತಲೇ ಕೇಳಿದಳು, ಸನೋಬರ್ ಹಲ್ಲು ಕಚ್ಚಿ ಹೇಳಿದಳು.

"ಪುಟ್ ಅಪ್ ವಿತ್?"

"ಮೇಲೆ ಇಡು... ಅಲ್ಲ... ಅಯ್ಯೋ, ಹೋಯ್ತು!"

"ಸಹಿಸ್ಕೋ. ನಿನ್ನೆ ತಪ್ಪಿದ್ದೂ ಇದೇ. ಲುಕ್ ಡೌನ್ ಆನ್ ಕೂಡ ತಪ್ತೀಯ. ಕೀಳಾಗಿ ಕಾಣು."

ಸನೋಬರ್ ತಿರುಗಿ ನೋಡಿದಳು. ಚೀಟಿಕಟ್ಟು ಓರ್ಜಿಗುಲಳ ಮಡಿಲಲ್ಲಿ ಕವುಚಿ ಬಿದ್ದಿತ್ತು.

"ನಿಂಗೆ ಎಲ್ಲಾ ಬರುತ್ತಾ?"

"ಬರುತ್ತೆ."

"ಮತ್ತೆ ಯಾವತ್ತೂ ಹೇಳಲಿಲ್ವಲ್ಲೇ?"

"ಕೇಳೋಳು ನಾನು, ಹೇಳೋಳು ನೀನು," ಎಂದಳು ಓರ್ಜಿಗುಲ್. "ನನ್ನ ಯಾರು ಕೇಳಿದ್ರು?"

ಸನೋಬರ್ ಮುಂದಿನ ಚೀಟಿ ಕೇಳು ಎಂದಷ್ಟೇ ಹೇಳಿದಳು.

ಓಶ್ ತಲುಪಿದಾಗ ಕಾವಲುಗಾರ ಗೇಟು ಎಳೆಯುತ್ತಿದ್ದ. ಸನೋಬರ್ ಕಾರ್ಡು ಎತ್ತಿ ಹಿಡಿದು ಓಡಿದಳು. ಸಂದಿಯಲ್ಲಿ ಒಂದು ಕಾಲಿಟ್ಟು, ತಟ್ಟನೆ ತಿರುಗಿ ಕೂಗಿದಳು.

"ಓರ್ಜಿಗುಲ್! ವಯಸ್ಸೆಷ್ಟೇ ನಿಂಗೆ?"

"ಇಪ್ಪತ್ತೊಂದು! ಯಾಕೆ?"

"ಹಾಗಾದ್ರೆ ನಿಂಗಿನ್ನೂ ಮೂರು ಸಲ ಇದೆ ಕಣೇ ಕಳ್ಳೀ!" ಎಂದು ಒಳಗೆ ನುಗ್ಗಿದಳು.