ಕೊಡೆಯೊಳಗಿನ ಹನ್ನೆರಡು ಕಡ್ಡಿ

ನಿಪ್ಪಾಣಿಯ ಮದುವೆಯಲ್ಲಿ, ನೂರು ಜನ ಪಂಕ್ತಿಗೆ ಕೂತಿದ್ದಾಗ, ಬಾಬಾಸಾಹೇಬ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಅಂದ: "ನನ್ನ ದ್ರಾಕ್ಷಿ ಕಡ್ಡಿ ಬೇಕೇನ್ರಿ ಮುರಗೆಪ್ಪಣ್ಣ? ವಿಲಾಯತಿಗೆ ಹೋಗಿ ನೀವೇ ತಗೊಂಡ ಬರ್ರಿ!" ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ಅಥಣಿಯ ಬಾಬಾಸಾಹೇಬನ ತೋಟದಲ್ಲಿ ಗೋಲಿಗಿಂತ ದಪ್ಪನೆಯ ಕಾಯಿ ಬಿಡುವ ಹೊಸ ತಳಿಯಿತ್ತು. ಪ್ರತಿ ವರ್ಷ ಬಳ್ಳಿ ಸವರಿದ ಮೇಲೆ, ಯಾರೂ ಒಯ್ದು ನೆಡದಂತೆ, ಅವನು ಕಡ್ಡಿಗಳನ್ನು ರಾಶಿ ಹಾಕಿ ಸುಡುತ್ತಿದ್ದ. ಕೆಂಡ ಆರುವ ತನಕ ಅಲ್ಲೇ ಕಾಯುತ್ತಿದ್ದ. ಶೇಡಬಾಳದ ಮುರಗೆಪ್ಪ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಸರಿ, ವಿಲಾಯತಿಗೇ ಹೋಗೋಣ ಎಂದುಕೊಂಡ.

ಅವನು ಸಸ್ಯಶಾಸ್ತ್ರದ ಬಿ.ಎಸ್ಸಿ. ಬಳ್ಳಿಯ ಚಿಗುರೊಡೆಯುವ ಯಾವ ಕಣ್ಣಿನಲ್ಲೂ ಇಡೀ ಬಳ್ಳಿಯ ಗುಣ ಇರುತ್ತದೆ, ಬುಡದ ಕಡ್ಡಿ ನೆಟ್ಟರೂ ತುದಿಯ ಕಡ್ಡಿ ನೆಟ್ಟರೂ ಅದೇ ಹಣ್ಣು: ಇದನ್ನು ಕಾಲೇಜಿನಲ್ಲಿ ಓದಿದ್ದ, ಇಪ್ಪತ್ತು ವರ್ಷ ಸ್ವಂತ ತೋಟದಲ್ಲಿ ಕಂಡಿದ್ದ. ಪರದೇಶದಿಂದ ಗಿಡ ತರಲು ಸರಕಾರದ ಪರವಾನಗಿ ಬೇಕು. ಅರ್ಜಿ ಹಾಕಿದರೆ ಸುದ್ದಿ ಮೊದಲು ಅಥಣಿಗೇ ಮುಟ್ಟುತ್ತದೆ. ಅಲ್ಲಿಯ ತೋಟದವರನ್ನು ಕೇಳಿದರೆ ಕೊಡುವುದಿಲ್ಲ. ಇದನ್ನು ಬಾಬಾಸಾಹೇಬನೇ ಕಲಿಸಿದ್ದ. ಉಳಿದದ್ದು ಕಳ್ಳತನ.

೧೯೮೭ರ ಅಕ್ಟೋಬರಿನಲ್ಲಿ ಗಂಡ ಹೆಂಡತಿ ಹೊರಟರು. ಮುಂಬೈಯ ಪ್ರವಾಸ ಕಂಪನಿಗಳು ಹದಿನೈದು ದಿನಕ್ಕೆ ಒಂಬತ್ತು ದೇಶ ತೋರಿಸುತ್ತಿದ್ದವು. ಮುರಗೆಪ್ಪ ಇಪ್ಪತ್ತಾರು ದಿನಕ್ಕೆ ನಾಲ್ಕೇ ಊರು ಆರಿಸಿದ. ಅವಸರ ಮಾಡುವವನ ಮೇಲೆ ಎಲ್ಲರ ಕಣ್ಣು ಬೀಳುತ್ತದೆ, ನಿಧಾನವಾಗಿ ತಿರುಗುವ ಗಂಡ ಹೆಂಡತಿಯನ್ನು ಯಾರೂ ನೋಡುವುದಿಲ್ಲ. ಕೈಯಲ್ಲಿ ಅಪ್ಪನ ಕಾಲದ ದೊಡ್ಡ ಕರೀ ಕೊಡೆ. ಮೊದಲ ದಿನದಿಂದಲೇ ಅದನ್ನು ಬಿಸಿಲಿರಲಿ ಮಳೆಯಿರಲಿ ಹಿಡಿದು ನಡೆದ. ಕೊನೆಯ ದಿನ ಅದು ಅವನ ಕೈಯಲ್ಲಿ ಯಾರಿಗೂ ಹೊಸದೆನಿಸಬಾರದು.

ಹೆಂಡತಿ ಕೆಂಚವ್ವನಿಗೆ ಏನೂ ಹೇಳಿರಲಿಲ್ಲ. ಅವಳ ಬಾಯಲ್ಲಿ ಮಾತು ನಿಲ್ಲುತ್ತಿರಲಿಲ್ಲ, ಭಾಷೆ ಬಾರದ ಊರಿನಲ್ಲೂ. ಪ್ಯಾರಿಸ್ಸಿನಲ್ಲಿ ಮೊಳದುದ್ದದ ಬ್ರೆಡ್ಡನ್ನು ಬಗಲಲ್ಲಿ ಇಟ್ಟುಕೊಂಡು ಹೋಗುವವರನ್ನು ನೋಡಿ ಹೊಟ್ಟೆ ಹಿಡಿದು ನಕ್ಕಳು. ವೆನಿಸ್ಸಿನಲ್ಲಿ ದೋಣಿ ಹತ್ತಿ, "ಇದೇನ್ರಿ, ಹೊಳಿ ಬಂದು ನಮ್ಮ ಯಡೂರ ಊರಾಗ ಹೊಕ್ಕಂಗ ಐತಿ! ಇವರು ಇದಕ್ಕ ರೊಕ್ಕ ಬ್ಯಾರೆ ತಗೋತಾರ" ಅಂದಳು. ಮೆಕ್ಕೆಜೋಳದ ಹಿಟ್ಟಿನ ಬಿಸಿ ಮುದ್ದೆಯ ಮೇಲೆ ಬೆಣ್ಣೆ ಹಾಕಿ ಕೊಟ್ಟಾಗ, ಚೀಲದಿಂದ ಶೇಂಗಾ ಚಟ್ನಿ ತೆಗೆದು ಹೋಟೆಲ್ಲಿನ ಮಾಲಕನಿಗೂ ಬಡಿಸಿದಳು. ಅವನು ಕಣ್ಣೊರೆಸಿಕೊಳ್ಳುತ್ತ ಇನ್ನೊಮ್ಮೆ ಕೈ ಚಾಚಿದ. ರೋಮಿನಲ್ಲಿ ನಾಲ್ಕು ದಿನ ಐಸ್‌ಕ್ರೀಮು, ಕಾರಂಜಿ, ಮತ್ತೆ ಐಸ್‌ಕ್ರೀಮು. ಅಪರಾಧವೆಂದರೆ ಇಷ್ಟು ಸುಖವೇ ಎಂದು ಮುರಗೆಪ್ಪನಿಗೆ ಅನ್ನಿಸಿತು.

ಕೊನೆಯ ಊರು ಫ್ಲಾರೆನ್ಸ್. ಅಲ್ಲಿಂದ ರೈಲಿನಲ್ಲಿ ಒಂದು ತಾಸಿನ ದಾರಿಯಲ್ಲಿ ಒಂದು ಹಳ್ಳಿ. ದ್ರಾಕ್ಷಿ ತೋಟದ ನಡುವಿನ ಮನೆಯಲ್ಲಿ ಐದು ದಿನದ ಬಾಡಿಗೆ ಕೋಣೆ. ಮಾಲಕಿ ರೋಸಾ ಎಂಬ ಮುದುಕಿ. ಕೆಂಚವ್ವ ಅವಳನ್ನು ಮೊದಲ ದಿನವೇ ರೋಜವ್ವ ಮಾಡಿದಳು. ಊಟಕ್ಕೆ ಇಟ್ಟ ಗೊಂಚಲನ್ನು ಮುರಗೆಪ್ಪ ದೀಪದ ಬೆಳಕಿಗೆ ಎತ್ತಿ ಹಿಡಿದು ನೋಡಿದ. ಬಂಗಾರದ ಬಣ್ಣ. ಬಾಬಾಸಾಹೇಬನ ಕಾಯಿ ಇದರ ಮುಂದೆ ಬರೀ ಬಟಾಣಿ.

ಮೂರು ದಿನ ಬರೀ ನೋಡಿದ. ತಂತಿಗೆ ಕಟ್ಟಿದ ಮೇಲಿನ ಕಡ್ಡಿಗಳನ್ನು ರೋಜವ್ವ ದಿನಾ ಕೈಯಾಡಿಸಿ ನೋಡುತ್ತಿದ್ದಳು. ಒಂದು ಕಡಿಮೆಯಾದರೂ ಗೊತ್ತಾಗುತ್ತದೆ. ಆದರೆ ಪ್ರತಿ ಬಳ್ಳಿಯ ಬುಡದಲ್ಲಿ, ನೆಲದಿಂದ ಗೇಣೆತ್ತರಕ್ಕೆ, ಬಾತ ಮೊಣಕಾಲಿನಂಥ ಒಂದು ಗಂಟಿತ್ತು. ಹಳೆಯ ಗಾಯ ಇರಬೇಕು ಎಂದುಕೊಂಡ. ಆ ಗಂಟಿನ ಕೆಳಗೆ, ಹುಲ್ಲಿನ ಮರೆಯಲ್ಲಿ ಒಳ್ಳೆ ಪೊಗರಿನ ಕಡ್ಡಿಗಳು ಎದ್ದಿದ್ದವು. ಯಾರ ಲೆಕ್ಕದಲ್ಲೂ ಇಲ್ಲದ ಕಡ್ಡಿಗಳು.

ಮುಂಜಾನೆ ಕೆಂಚವ್ವ ರೋಜವ್ವನ ಜೊತೆ ಆಡಿನ ಕೊಟ್ಟಿಗೆಯಲ್ಲಿ ತಾಸುಗಟ್ಟಲೆ ಕೈಸನ್ನೆಯ ಹರಟೆ ಹೊಡೆಯುತ್ತಿದ್ದಳು. ಹೆಂಡತಿಯ ಬಾಯಿ ಮೊದಲ ಸಲ ಅವನ ಉಪಯೋಗಕ್ಕೆ ಬಂತು. ನಾಲ್ಕನೆಯ ದಿನ ಅದೇ ಹೊತ್ತಿನಲ್ಲಿ ಹನ್ನೆರಡು ಕಡ್ಡಿ ಕತ್ತರಿಸಿದ. ಗುರುತು ಸಿಗದಂತೆ ಎಲೆ ಸವರಿದ. ತುದಿಗಳಿಗೆ ಚರ್ಚಿನಲ್ಲಿ ಕೊಂಡ ಮೇಣದಬತ್ತಿ ಕರಗಿಸಿ ಹಚ್ಚಿ, ಒದ್ದೆ ಹತ್ತಿ ಸುತ್ತಿ, ಕೊಡೆಯ ಕೋಲಿಗೆ ಕಟ್ಟಿ ಮಡಚಿದ.

ಹೊರಡುವಾಗ ರೋಜವ್ವ ಪೇಪರಿನಲ್ಲಿ ಸುತ್ತಿದ ಉದ್ದನೆಯ ಕಟ್ಟೊಂದನ್ನು ಕೆಂಚವ್ವನ ಕೈಗಿಟ್ಟಳು. "ನಿಮಗಂತ ಕೊಟ್ಟಾಳ್ರಿ" ಎಂದು ಅವಳು ಬಿಚ್ಚಲು ಹೋದಳು. ಕಸ್ಟಮ್ಸಿನವರ ಕಣ್ಣಿಗೆ ಬೀಳುವಂಥ ಯಾವುದೂ ಬೇಡ ಎಂದು ಅವನು ಬಿಚ್ಚಗೊಡದೆ ವಾಪಸ್ ಕೊಡಿಸಿದ. ಮುಂಬೈಯಲ್ಲಿ ಅಧಿಕಾರಿ ಟೇಪ್‌ರೆಕಾರ್ಡರಿಗಾಗಿ ಪೆಟ್ಟಿಗೆ ತಡಕಾಡುವಾಗ ಮುರಗೆಪ್ಪ ಕೊಡೆಯ ಮೇಲೆ ಗದ್ದ ಊರಿ ನಿಂತಿದ್ದ.

ಹನ್ನೆರಡೂ ಚಿಗುರಿದವು. ಪುಣೆಯಿಂದ ತರಿಸಿದ್ದು ಎಂದು ಮನೆಯಲ್ಲಿ ಹೇಳಿದ. ಎಲೆಗಳು ರೋಜವ್ವನ ತೋಟದಲ್ಲಿ ಕಂಡಿದ್ದಕ್ಕಿಂತ ಕೊಂಚ ದುಂಡಗಿದ್ದವು. ಮಣ್ಣು ಬದಲಾದದ್ದಕ್ಕೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಮರುವರ್ಷ ಒಂದೆಕರೆ ಹಳೆಯ ಬಳ್ಳಿ ಕಿತ್ತು, ಹನ್ನೆರಡನ್ನು ಐದುನೂರು ಮಾಡಿ ನೆಟ್ಟ. ತೊಂಬತ್ತರ ನವೆಂಬರಿನಲ್ಲಿ ತೋಟ ತುಂಬ ಹೂವು, ಘಮಘಮ ವಾಸನೆ. ಅಂದೇ ಅಥಣಿಗೆ ಹೋಗಿ ನಾಲ್ಕು ಜನರೆದುರು ಹೇಳಿ ಬಂದ: "ಫೆಬ್ರುವರಿಗೆ ಬರ್ರಿ ಬಾಬಾಸಾಹೇಬ್ರ, ನಿಪ್ಪಾಣಿ ಪಂಕ್ತಿ ಪೂರಾ ಕರ್ಕೊಂಡ ಬರ್ರಿ. ಹಣ್ಣು ತಿನ್ನೂಣಂತ."

ಹೂವೆಲ್ಲ ಉದುರಿತು. ಐದುನೂರು ಬಳ್ಳಿಯಲ್ಲಿ ಒಂದೂ ಕಾಯಿ ಕಟ್ಟಲಿಲ್ಲ. ಮುರಗೆಪ್ಪ ಬದುವಿನ ಮೇಲೆ ಕೂತು, ಮೂರು ವರ್ಷದಲ್ಲಿ ಮೊದಲ ಬಾರಿಗೆ, ಹೆಂಡತಿಗೆ ಕೊಡೆಯ ಕತೆ ಹೇಳಿದ. ಕೆಂಚವ್ವ ಒಂದು ಎಲೆ ಹರಿದು ಅಂಗೈಯಲ್ಲಿಟ್ಟು ನೋಡಿದಳು. ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. "ಅಯ್ಯ ನಮ್ಮಪ್ಪ, ಗಂಟಿನ ಕೆಳಗಿಂದು ತಂದೀರಿ? ಅದು ಕಾಡು ಬಳ್ಳಿರಿ, ಹೂ ಬಿಡತೈತಿ, ಕಾಯಿ ಕಟ್ಟೂದಿಲ್ಲ. ನಮ್ಮಂಗ ಬರೀ ಕಡ್ಡಿ ನೆಡೂದಿಲ್ಲ, ಅಲ್ಲಿ ಕಾಡು ಬುಡಕ್ಕ ಊರ ಬಳ್ಳಿ ಕಸಿ ಕಟ್ಟತಾರಂತ, ಆ ಗಂಟು ಅದರದು, ರೋಜವ್ವ ಕೈ ಮಾಡಿ ತೋರಸಿದ್ಲು. ಕೆಳಗಿನ ಕಡ್ಡಿ ರೋಜವ್ವ ದಿನಾ ಮುರದು ಆಡಿಗೆ ಹಾಕತಿದ್ಲು, ನಾನೂ ಹಾಕೇನಿ. ಮ್ಯಾಲಿನ ಕಡ್ಡಿ ನಿಮಗಂತ ಪ್ಯಾಪರದಾಗ ಸುತ್ತಿ ಕೊಟ್ಟಿದ್ಲಲ್ರಿ."