ಲೈಬ್ರರಿಗೆ ಕಳಿಸಿದ ಆರು ಮಕ್ಕಳು

"ಹಾಜರಿ ಪುಸ್ತಕದಲ್ಲಿ ಮೂವತ್ತೊಂದು ಮಕ್ಕಳಿದ್ದಾರೆ. ಇಲ್ಲಿರೋದು ಇಪ್ಪತ್ತೈದು. ಉಳಿದ ಆರು ಜನ ಎಲ್ಲಿ ಮೇಡಂ?"

ಅವನು ಅವಳೊಂದಿಗೆ ಆಡಿದ ಮೊದಲ ಮಾತೇ ಅದು! ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ಇಂಗ್ಲಿಷ್ ಕಲಿಸುವ ಬಗೆ ತೋರಿಸಿಕೊಡಲು ಬಂದಿದ್ದ ತರಬೇತುದಾರ ಅವನು.

ನಾಲ್ಕನೇ ತರಗತಿಯ ಟೀಚರಮ್ಮ ಸೆರಗು ಸರಿಮಾಡಿಕೊಂಡಳು.

"ಹುಷಾರಿಲ್ಲ ಅಂತ... ರಜೆ ಹಾಕಿದ್ದಾರೆ ಸರ್."

"ಆರೂ ಜನಕ್ಕೂ ಒಟ್ಟಿಗೇನಾ?"

ಅಷ್ಟರಲ್ಲಿ ಬಾಗಿಲಲ್ಲಿ ಆರು ತಲೆಗಳು! ಮುಂದಿದ್ದ ಎರಡು ಜಡೆಯ ಹುಡುಗಿ ಕೂಗಿದಳು, "ಮಿಸ್, ಲೈಬ್ರರಿ ಪುಸ್ತಕ ಎಲ್ಲಾ ಜೋಡಿಸಿಬಿಟ್ವಿ. ಆ ಸರ್ ಹೋದ್ರಾ? ಈಗ ಒಳಗೆ ಬರ್ಬಹುದಾ?"

ಭೂಮಿ ಬಾಯ್ಬಿಟ್ಟು ನನ್ನ ನುಂಗಬಾರದೇ!

ಕೆಟ್ಟವಳೇನಲ್ಲ ನಮ್ಮ ಟೀಚರಮ್ಮ. ಪುಕ್ಕಲಿ, ಅಷ್ಟೇ. ಬಂದವರೆದುರು ತರಗತಿ ಮಿಂಚಲೆಂದು, ಇಂಗ್ಲಿಷಿನ ಒಂದಕ್ಷರವೂ ಬಾರದ ಆರು ಮಕ್ಕಳನ್ನು ಬಚ್ಚಿಟ್ಟಿದ್ದಳು.

ಅವನು ಬೈಯಲಿಲ್ಲ. ಬೆಂಚು ಸರಿಸಿ ಜಾಗ ಮಾಡಿದ. "ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಿದ್ದೆ."

ಆಮೇಲೆ ಪ್ರತಿ ಮಂಗಳವಾರ ಬಂದ. "ಮೊದಲು ಪಕ್ಕದವರ ಜೊತೆ ಮನೆಮಾತಲ್ಲೇ ಮಾತಾಡ್ಲಿ ಮೇಡಂ. ಹೇಳೋದೇನು ಅಂತ ಗೊತ್ತಾದ್ರೆ ಇಂಗ್ಲಿಷ್ ಹಿಂದೇನೇ ಬರುತ್ತೆ. ಪ್ರಶ್ನೆ ಕೇಳಿ, ಸ್ವಲ್ಪ ಕಾಯಿರಿ."

ಅವಳು ಕಾಯಲು ಕಲಿತಳು. ಆರನೆಯ ವಾರ ಎರಡು ಜಡೆಯ ಹುಡುಗಿ ಎದ್ದು ನಿಂತು, ತಡವರಿಸುತ್ತಾ ತನ್ನ ಅಜ್ಜಿ ಗುಂಡಿ ಹೊಲಿಯುವುದನ್ನು ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟಳು! ಖುಷಿಯಿಂದ ಟೀಚರಮ್ಮ ತಿರುಗಿದರೆ, ಅವನು ಹುಡುಗಿಯನ್ನಲ್ಲ, ಅವಳನ್ನೇ ನೋಡುತ್ತಿದ್ದ.

'ಛೇ... ಇವನೆದುರು ಸುಳ್ಳಿ ಅನ್ನಿಸಿಕೊಂಡ ಮೇಲೆ, ಪ್ರೀತಿಸೋಕೆ ನನಗೆ ಯಾವ ಮುಖ ಇದೆ?'

ಮರುದಿನವೇ ಹೆಡ್‌ಮಿಸ್ ಕರೆಸಿದರು. "ಮಕ್ಕಳನ್ನ ಬಚ್ಚಿಟ್ಟಿದ್ರಂತೆ? ದೂರು ಬಂದಿದೆ."

ಅವನಲ್ಲದೆ ಇನ್ಯಾರು ಹೇಳಿರುತ್ತಾರೆ? ಮುಂದಿನ ಮಂಗಳವಾರ ಗೇಟಿನಲ್ಲೇ ಅವನನ್ನು ತಡೆದಳು.

"ಎದುರಿಗೆ ನಗು, ಹಿಂದೆ ಚಾಡಿ! ನಂಬಿದ್ದೆ ನಿಮ್ಮನ್ನ!"

ಅವನ ಮುಖ ಬಿಳಿಚಿಕೊಂಡಿತು. ತಲೆ ತಗ್ಗಿಸಿ ಹಿಂತಿರುಗಿ ಹೊರಟುಹೋದ.

ಅವಳು ತರಗತಿಗೆ ಬಂದರೆ, ಕಿಟಕಿಯಿಂದ ಎಲ್ಲಾ ಕೇಳಿಸಿಕೊಂಡಿದ್ದ ಎರಡು ಜಡೆಯ ಹುಡುಗಿ ಅಳುತ್ತಾ ನಿಂತಿದ್ದಳು. "ಸರ್‌ನ ಬೈಬೇಡಿ ಮಿಸ್. ನಾನೇ ಅಜ್ಜಿಗೆ ಹೇಳಿದ್ದು. ಅಜ್ಜಿ ಬಂದು ಹೆಡ್‌ಮಿಸ್‌ನ ಕೇಳಿದ್ರು..." ಮೂಗೊರೆಸಿಕೊಂಡು ಮೆಲ್ಲಗೆ ಕೇಳಿದಳು, "ನಮ್ಮನ್ನ ಕಂಡ್ರೆ ನಿಮಗೆ ನಾಚಿಕೆನಾ ಮಿಸ್?"

ಅಯ್ಯೋ... ಕೆನ್ನೆಗೆ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ!

ಎಲ್ಲರೆದುರು ಮಂಡಿಯೂರಿ ಆ ಪುಟ್ಟ ಕೈಗಳನ್ನು ಹಿಡಿದಳು. "ಇಲ್ಲ ಕಂದ. ನಾಚಿಕೆ ಆಗ್ತಿರೋದು ನನ್ನ ಬಗ್ಗೆ. ತಪ್ಪು ಮಾಡ್ದೆ. ಆರೂ ಜನ ನನ್ನ ಕ್ಷಮಿಸ್ತೀರಾ?"

ಸಂಜೆ ತರಬೇತಿ ಕೇಂದ್ರಕ್ಕೆ ಓಡಿದಳು. ಅವನೊಬ್ಬನೇ ಕೂತು ಚಿತ್ರದ ಕಾರ್ಡು ಕತ್ತರಿಸುತ್ತಿದ್ದ.

"ಏನೂ ತಿಳೀದೆ ಬೈದೆ... ನೀವ್ಯಾಕೆ ಸುಮ್ನೆ ಬೈಸಿಕೊಂಡ್ರಿ?"

ಕತ್ತರಿ ನಿಂತಿತು.

"ನಾನೂ ಟೀಚರ್ ಆಗಿದ್ದೆ ಮೇಡಂ. ಅಧಿಕಾರಿಗಳು ಬರೋ ಹಿಂದಿನ ದಿನ ಒಬ್ಬ ಹುಡುಗನಿಗೆ, ನಾಳೆ ಬರ್ಬೇಡ, ಮನೇಲೇ ಇರು ಅಂದಿದ್ದೆ. ಅವನು ಮತ್ತೆ ಶಾಲೆ ಕಡೆ ತಲೆನೇ ಹಾಕ್ಲಿಲ್ಲ... ನಿಮಗೆ ಹೇಳೋಕೆ ನನಗೇನು ಯೋಗ್ಯತೆ ಇತ್ತು? ನೀವು ಬೈದಾಗ, ಇದು ನನಗೆ ಸಲ್ಲಬೇಕಾದ್ದೇ ಅನ್ನಿಸ್ತು."

ಅವಳ ಕಣ್ಣು ತುಂಬಿಬಂತು. ಇವನೂ ನನ್ನ ಹಾಗೆಯೇ...

"ಅವನ ಮನೆಗೆ ಹೋಗಿದ್ರಾ?"

"ಬೀದಿ ತುದಿವರೆಗೆ ಹೋಗ್ತೀನಿ... ಧೈರ್ಯ ಸಾಲದೆ ವಾಪಸ್ ಬರ್ತೀನಿ."

"ನಾಳೆ ಹೋಗೋಣ."

"ಅವನು ಮುಖ ತಿರುಗಿಸ್ಕೊಂಡ್ರೆ?"

"ತಿರುಗಿಸ್ಕೊಳ್ಲಿ. ಕ್ಷಮೆ ಕೇಳೋದಷ್ಟೇ ನಮ್ಮ ಪಾಲಿಗಿರೋದು. ಒಬ್ಬರೇ ತಲೆ ತಗ್ಗಿಸಿ ನಿಲ್ಲೋದು ಕಷ್ಟ ಸರ್... ಪಕ್ಕದಲ್ಲಿ ನಾನಿರ್ತೀನಿ."

ಅವನು ಕಾರ್ಡುಗಳನ್ನು ಪಕ್ಕಕ್ಕೆ ಸರಿಸಿದ.

"ಬರೀ ನಾಳೆಗಾ?"

ಅವಳ ಮುಖ ಕೆಂಪೇರಿತು. "ಉಹೂಂ... ನೀವು ಬೇಡ ಅನ್ನೋವರೆಗೆ."

"ನಾನು ಬೇಡ ಅನ್ನಲ್ಲ."