ನಲವತ್ತೆಂಟನೆಯ ಊಟ

"ಬೇಡ! ಮೇಲೆ ಬರ್ಬೇಡಿ!"

ಮೂರನೆಯ ಮಹಡಿಯ ಬಾಲ್ಕನಿಯಿಂದ ಬಂದ ಆ ಕೂಗಿಗೆ, ಗೇಟಿನ ಚಿಲಕ ತೆಗೆಯುತ್ತಿದ್ದ ರವಿರಾಜ ಹಾಗೆಯೇ ನಿಂತುಬಿಟ್ಟ. ಅವನ ಕೈಯಲ್ಲಿ ಮೂರು ಡಬ್ಬಿಯ ಊಟದ ಕ್ಯಾರಿಯರ್ ಇತ್ತು.

ಮೇಲೆ ವಾಕರ್ ಹಿಡಿದು ನಿಂತಿದ್ದ ನಿಕಿತಾಳಿಗೆ ತನ್ನ ದನಿ ಕೇಳಿ ತನಗೇ ನಾಚಿಕೆಯಾಯಿತು. ಆದರೆ ಏನು ಮಾಡುವುದು? ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಬಂದಿದ್ದಳು. ಮೈಮೇಲೆ ಮಾಸಿದ ನೈಟಿ, ಬಾಚಣಿಗೆ ಕಾಣದ ತಲೆ, ಎಡಗಾಲಿನ ಮೂಳೆಯೊಳಗೆ ರಾಡು, ಮಂಡಿಯಿಂದ ಹಿಮ್ಮಡಿಯವರೆಗೆ ಬ್ಯಾಂಡೇಜು. ಕೋಣೆಯ ತುಂಬ ಔಷಧಿಯ ವಾಸನೆ. ಈ ಸ್ಥಿತಿಯಲ್ಲಿ ಯಾರೂ ತನ್ನನ್ನು ನೋಡಬಾರದು!

"ನೀವು... ಟ್ರೆಕ್ಕಿಂಗಿನಲ್ಲಿ ಅಡುಗೆ ಮಾಡಿದವರಲ್ವಾ?"

"ಹೌದು. ಲೇಕ್ ಮಾರ್ಕೆಟಿನ ಮೆಸ್ಸಿನವ. ರವಿರಾಜ." ಅವನು ತಲೆ ಎತ್ತಲಿಲ್ಲ. "ಊಟ ತಂದಿದ್ದೇನೆ."

"ಯಾರು ಹೇಳಿದ್ರು ತರೋಕೆ?"

"ಯಾರೂ ಇಲ್ಲ. ಒಟ್ಟಿಗೆ ಹೋದವರಲ್ವಾ ನಾವು... ಮೇಲೆ ಬರುವುದು ಬೇಡ ಅಂದ್ರೆ ಬೇಡ. ಹಗ್ಗ ಉಂಟಾ?"

ಕಲ್ಕತ್ತದ ಜಾದವ್‌ಪುರದ ಆ ಓಣಿಯಲ್ಲಿ ಎಲ್ಲರ ಬಾಲ್ಕನಿಯಲ್ಲೂ ಹಗ್ಗ ಕಟ್ಟಿದ ಚೀಲವೊಂದು ತೂಗುತ್ತಿರುತ್ತದೆ. ತರಕಾರಿ, ಹಾಲು, ಪೇಪರು ಎಲ್ಲ ಅದರಲ್ಲೇ ಮೇಲೇರುತ್ತವೆ. ನಿಕಿತಾ ಚೀಲ ಇಳಿಸಿದಳು. ಬಿಸಿ ಅನ್ನದ ಭಾರ ಹಗ್ಗದ ಗುಂಟ ಅವಳ ಅಂಗೈಗೆ ಬಂತು. ಯಾಕೋ ಕಣ್ಣು ತುಂಬಿಬಂತು.

ಅಂದು ಡಿಸೆಂಬರ್ ಹತ್ತೊಂಬತ್ತು. ಅವಳು ಲೆಕ್ಕ ಶುರುಮಾಡಿದ್ದು ಆ ದಿನದಿಂದ.

ನಿಕಿತಾ ಬೆಂಗಳೂರಿನ ಹುಡುಗಿ. ಕಸ್ಬಾದ ಆಫೀಸೊಂದರಲ್ಲಿ ಕೆಲಸ. ಜೊತೆಗಿದ್ದ ಗೆಳತಿ ಮದುವೆಯಾಗಿ ಹೋದಮೇಲೆ ಫ್ಲ್ಯಾಟಿನಲ್ಲಿ ಒಬ್ಬಳೇ. ಒಂಟಿತನ ಕಳೆಯಲೆಂದೇ ನವೆಂಬರಿನಲ್ಲಿ ಇಲ್ಲಿನ ಕನ್ನಡಿಗರ ತಂಡದೊಂದಿಗೆ ಡಾರ್ಜಿಲಿಂಗ್ ಕಡೆಯ ಬೆಟ್ಟ ಹತ್ತಲು ಹೋದವಳು. ಇಳಿಯುವಾಗ ಮಂಜು ಮುಸುಕಿತ್ತು. "ಒಳದಾರಿಯಲ್ಲಿ ಹೋಗಿ, ಹತ್ತಿರ ಆಗ್ತದೆ" ಎಂದು ಹಿಂದಿನಿಂದ ಯಾರೋ ಹೇಳಿದ್ದು ನೆನಪು. ಆಮೇಲೆ ಕಲ್ಲು ಜಾರಿದ್ದು, ಕಾಲಿನಿಂದ ಕೇಳಿಬಂದ ಆ ಸದ್ದು...

ಆಪರೇಷನ್ನಿಗೆ ಅಪ್ಪ ಬಂದರು. ಅದೇ ವಾರ ಅಕ್ಕನಿಗೆ ದಿನ ತುಂಬುವ ಮೊದಲೇ ಹೆರಿಗೆ. ಅಮ್ಮ ಅಲ್ಲಿ, ಮಗು ಗಾಜಿನ ಪೆಟ್ಟಿಗೆಯಲ್ಲಿ. ಮೂರೇ ದಿನಕ್ಕೆ ಅಪ್ಪನನ್ನೂ ಅವಳೇ ಕಳಿಸಿಕೊಟ್ಟಳು. "ನಾನು ಚೆನ್ನಾಗಿದೀನಿ ಅಪ್ಪಾ, ಹೋಗಿ." ಗಾಯ ಕೀವಾಗಿ, ಜ್ವರ ಬಂದು, ಆಸ್ಪತ್ರೆಯಲ್ಲೇ ಇಪ್ಪತ್ತೊಂದು ದಿನ ಕಳೆದವು.

ಈಗ ಈ ಮನೆ. ಬೆಳಿಗ್ಗೆ ಒಬ್ಬ ಆಯಾ ಬಂದು ಮೈ ಒರೆಸಿ, ಗಾಯ ತೊಳೆದು, ಹನ್ನೆರಡಕ್ಕೆ ಹೊರಟುಬಿಡುತ್ತಿದ್ದಳು. ಆಮೇಲೆ ಇಡೀ ದಿನ ಮಾತಿಲ್ಲ. ಕೆಳಗಿನ ಐವತ್ತನಾಲ್ಕು ಮೆಟ್ಟಿಲು ಅವಳಿಗೆ ಸಮುದ್ರದಷ್ಟು ದೂರ. ಲೋಕಲ್ ಟ್ರೇನಿನ ಸದ್ದು ಬಂದರೆ, ಅದರೊಳಗೆ ಎಷ್ಟು ಜನ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿರಬಹುದು ಎಂದು ಯೋಚಿಸುತ್ತಿದ್ದಳು. ಆ ನೂಕಾಟದ ಮೇಲೂ ಅವಳಿಗೆ ಆಸೆ!

ಮಧ್ಯಾಹ್ನ ಒಂದು ಗಂಟೆ ಮಾತ್ರ ಬೇರೆಯಾಗಿತ್ತು.

ರವಿರಾಜ ಊಟ ಕಳಿಸಿ, ಖಾಲಿ ಕ್ಯಾರಿಯರ್ ಕೆಳಗಿಳಿಯುವವರೆಗೆ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದ. ನಾಲ್ಕನೆಯ ದಿನ ನಿಕಿತಾ ಅವನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ತಟ್ಟೆಯ ಪಕ್ಕ ಇಟ್ಟುಕೊಂಡಳು.

"ಸಾಂಬಾರಿಗೆ ಬೆಲ್ಲ ಸುರಿದಿದ್ದೀರಲ್ರೀ, ಇದೇನು ಪಾಯಸಾನಾ?"

"ಬೆಲ್ಲ ಇಲ್ಲದ್ದು ಸಾಂಬಾರಾ ಮಾರಾಯ್ರೆ? ನೀವು ಬೆಂಗಳೂರಿನವರು ಕುಡಿಯುವುದು ಖಾರದ ನೀರು."

"ಓಹೋ! ನಾಳೆ ನಂಗೆ ಖಾರದ ನೀರೇ ಬೇಕು."

"ಬೇಕಾದ್ರೆ ಬೇಗ ಎದ್ದು ನಡೀರಿ. ಮೆಸ್ಸಿಗೆ ಬಂದು ನೀವೇ ಮಾಡಿ. ಪಾತ್ರೆ ನಾನು ತೊಳೀತೇನೆ."

ಅವಳು ನಕ್ಕಳು. ಎಷ್ಟು ದಿನವಾಗಿತ್ತು ಆ ಮನೆಯಲ್ಲಿ ನಗು ಕೇಳಿ!

ದಿನಗಳು ಹೀಗೇ ಸಾಗಿದವು. ವಾಕರ್ ಹೋಗಿ ಊರುಗೋಲು ಬಂತು. ಅವಳು ಹನ್ನೆರಡೂವರೆಗೇ ತಲೆ ಬಾಚಿ ಬಾಲ್ಕನಿಯಲ್ಲಿ ಕೂರತೊಡಗಿದಳು. ಅವನು ಮಾತ್ರ ಒಂದು ದಿನವೂ ಗೇಟು ದಾಟಲಿಲ್ಲ.

'ಒಂದ್ಸಲ ಬೇಡ ಅಂದಿದ್ದಕ್ಕೆ ಇಷ್ಟೊಂದಾ? ಬರ್ಲಾ ಅಂತ ಕೇಳಬಾರದಾ...'

ಕೇಳಿದ್ದರೆ ಬನ್ನಿ ಎನ್ನುತ್ತಿದ್ದಳು. ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಅವಳ ಲೆಕ್ಕದ ನಲವತ್ತನೆಯ ದಿನ ಬಾಗಿಲು ಬಡಿದ ಸದ್ದಾಯಿತು. ಅವಳು ಊರುಗೋಲಿಗೆ ಕೈ ಚಾಚಿದಳು. ಅವನೇ?

ಅಲ್ಲ. ಏದುಸಿರು ಬಿಡುತ್ತ ನಿಂತವರು ಅವನ ತಾಯಿ ಗಿರಿಜಮ್ಮ.

"ಅಬ್ಬಾ, ಎಂಥ ಮೆಟ್ಟಿಲು ಮಾರಾಯ್ತಿ! ಕಸ್ಬಾದಲ್ಲಿ ಮದುವೆ ಊಟ ಉಂಟು, ಅವ ಅಲ್ಲಿದ್ದಾನೆ. ನೀನು ಹೋಗಿ ಕೊಡಮ್ಮ ಅಂದ."

ಅವರು ತಾವೇ ಬಡಿಸಿದರು. ಅವಳ ಕಾಲಿನ ಗಾಯದ ಗೆರೆಯನ್ನು ಬೆರಳ ತುದಿಯಿಂದ ಮುಟ್ಟಿ ಲೊಚಗುಟ್ಟಿದರು.

"ನೋಡುವಾಗ ಹೊಟ್ಟೆಯಲ್ಲಿ ಸಂಕಟ ಆಗ್ತದೆ ಮಗಾ. ಆ ಒಳದಾರಿ ತೋರಿಸಿದ್ದು ಅವನೇ ಅಲ್ವಾ? ಬಂದವನೇ ಒಂದೇ ಸಮ ಅತ್ತ. ಒಂದು ಮಂಡಲ, ನಲವತ್ತೆಂಟು ದಿನ, ಅವಳಿಗೆ ನನ್ನ ಕೈಯಾರೆ ಊಟ ಮುಟ್ಟಿಸ್ತೇನೆ, ಅವಳು ನಡೀಬೇಕು ಅಂತ ಕೃಷ್ಣ ದೇವರಿಗೆ ಹರಕೆ ಹೇಳಿಕೊಂಡ."

ನಿಕಿತಾ ಬಾಯಿಗೆತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು.

ಅಷ್ಟರಲ್ಲಿ ಗಿರಿಜಮ್ಮನ ಫೋನ್ ರಿಂಗಾಯಿತು. ಮೆಸ್ಸಿನಲ್ಲಿ ಗ್ಯಾಸ್ ಮುಗಿದಿತ್ತಂತೆ. ಅವರು ಅವಸರದಲ್ಲಿ ಇಳಿದುಹೋದರು.

ಹರಕೆ!

ಹಾಗಾದರೆ ಆ ಬೆಂಚು, ಆ ಮಾತು, ಆ ತಮಾಷೆ... ಎಲ್ಲ ಪಾಪ ತೊಳೆದುಕೊಳ್ಳಲು ಮಾಡಿದ ಸೇವೆ. ಗುಡಿಯಲ್ಲಿ ಪ್ರದಕ್ಷಿಣೆ ಎಣಿಸುವ ಹಾಗೆ ಅವನು ಅವಳ ಊಟ ಎಣಿಸುತ್ತಿದ್ದಾನೆ!

'ಇವತ್ತು ನಲವತ್ತು. ಇನ್ನು ಎಂಟೇ ದಿನ...'

ಆ ಎಂಟು ದಿನ ಅವಳು ಫೋನ್ ಮಾಡಲಿಲ್ಲ. ಅವನು ಮಾಡಿದರೆ "ತಲೆನೋವು" ಎಂದಳು. ಒಬ್ಬಳೇ ಉಂಡಳು. ಉಣ್ಣುವುದೇನು ಬಂತು, ಅನ್ನ ಕಲಸಿ ಗೋಡೆ ನೋಡುತ್ತ ಕೂತಳು.

ನಡುವೆ ಸರಸ್ವತಿ ಪೂಜೆ ಬಂತು. ಓಣಿಯ ತುಂಬ ಹಳದಿ ಸೀರೆಯ ಹುಡುಗಿಯರು, ಪಕ್ಕದಲ್ಲಿ ಕುರ್ತಾ ತೊಟ್ಟ ಹುಡುಗರು. ಜೋಡಿ ಜೋಡಿಯಾಗಿ ನಗುತ್ತ ಹೋಗುವವರ ನಡುವೆ ರವಿರಾಜ ಕ್ಯಾರಿಯರ್ ಹಿಡಿದು ನಿಂತಿದ್ದ. ಮೇಲೆ ನೋಡಿದ. ಅವಳು ಪರದೆಯ ಹಿಂದೆ ಸರಿದಳು.

ಫೆಬ್ರವರಿ ನಾಲ್ಕು. ನಲವತ್ತೆಂಟನೆಯ ಊಟ.

ಅವನಾಗಿ ನಿಲ್ಲಿಸುವುದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ. ತಾನೇ ಮೊದಲು ಬಾಗಿಲು ಮುಚ್ಚಿದರೆ ನೋವು ಕಡಿಮೆ ಎಂದು ಎಷ್ಟು ಜನ ನಂಬುತ್ತೇವೆ, ಅಲ್ಲವೇ? ಖಾಲಿ ಡಬ್ಬಿಯ ಮೇಲೆ ಚೀಟಿ ಇಟ್ಟು ಚೀಲ ಇಳಿಸಿದಳು.

"ನಾಳೆಯಿಂದ ಊಟ ಬೇಡ. ದಾರಿ ತೋರಿಸಿದವರು ಯಾರೆಂದು ಗೊತ್ತಾಗಿದೆ. ನಿಮ್ಮ ಮಂಡಲ ಮುಗಿಯಿತು. ಇನ್ನು ನೀವು ಬರಬೇಕಾಗಿಲ್ಲ."

ಪರದೆಯ ಸಂದಿಯಿಂದ ನೋಡಿದಳು. ಅವನು ಓದಿದ. ಮತ್ತೆ ಓದಿದ. ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ತಲೆ ತಗ್ಗಿಸಿ ನಡೆದುಹೋದ.

'ಹೋದ್ರಲ್ಲಾ! ಒಂದು ಮಾತೂ ಆಡದೆ ಹೋದ್ರಲ್ಲಾ...'

ಮೂರು ದಿನ. ಒಂದು ಗಂಟೆಗೆ ಚಹಾದಂಗಡಿಯ ಬೆಂಚಿನ ಮೇಲೆ ಬೇರೆ ಯಾರೋ ಕೂತಿರುತ್ತಿದ್ದರು. ನಿಕಿತಾ ಬ್ರೆಡ್ಡು ತಿಂದಳು, ಮಾತ್ರೆ ನುಂಗಿದಳು, ಬಾಣಂತಿ ಅಕ್ಕನ ಜೊತೆ ವೀಡಿಯೊ ಕಾಲಿನಲ್ಲಿ ನಕ್ಕಳು. ಫೋನ್ ಇಟ್ಟಮೇಲೆ ಮನೆ ಮತ್ತೆ ಸದ್ದಡಗಿತು. ಕಾಲು ಕೂಡುತ್ತಿತ್ತು. ಅವಳು ಮಾತ್ರ ದಿನದಿನಕ್ಕೂ ಮುರಿಯುತ್ತಿದ್ದಳು.

ನಾಲ್ಕನೆಯ ದಿನ ಆಯಾ ಹೊರಟ ಮೇಲೆ ಗಿರಿಜಮ್ಮನ ಫೋನ್ ಬಂತು.

"ಎಂತದು ಮಾರಾಯ್ತಿ, ಎಂತ ಬರೆದೆ ನೀನು ಅವನಿಗೆ? ಮೂರು ದಿನದಿಂದ ಬಾಯಿ ಬಿಡುದಿಲ್ಲ. ಬಟ್ಟೆ ಒಗೆಯುವಾಗ ಜೇಬಿನಲ್ಲಿ ಚೀಟಿ ಸಿಕ್ಕಿತು."

"ಆಂಟಿ... ಹರಕೆ ಮುಗೀತಲ್ವಾ. ಅದಕ್ಕೇ..."

"ಹರಕೆ ಮುಗಿದದ್ದು ಸಂಕ್ರಾಂತಿಗೆ!"

"ಸಂಕ್ರಾಂತಿಗಾ? ಇಲ್ಲ ಆಂಟಿ, ನಾನು ಎಣಿಸಿದ್ದೀನಿ. ಮನೆಗೆ ಬಂದ ದಿನದಿಂದ..."

"ಮನೆಗೆ ಬಂದ ದಿನದಿಂದ ಯಾಕೆ ಎಣಿಸುದು? ಆಸ್ಪತ್ರೆಯಲ್ಲಿ ಇಪ್ಪತ್ತೊಂದು ದಿನ ಉಂಡದ್ದು ಎಲ್ಲಿ ಹೋಯ್ತು?"

"ಅಲ್ಲಿ ಗಂಜಿ ಕೊಡ್ತಿದ್ರು... ಆಸ್ಪತ್ರೆದು."

ಗಿರಿಜಮ್ಮ ಗಟ್ಟಿಯಾಗಿ ನಕ್ಕೇಬಿಟ್ಟರು.

"ಕುಚ್ಚಲಕ್ಕಿ ಗಂಜಿ! ಕಲ್ಕತ್ತದ ಆಸ್ಪತ್ರೆಯಲ್ಲಿ ಕುಚ್ಚಲಕ್ಕಿ ಗಂಜಿ ಬೇಯಿಸುವವರು ಯಾರು ಮಗಾ? ಬೆಳಿಗ್ಗೆ ಐದಕ್ಕೆ ಎದ್ದು ಅವನೇ ಮಾಡುದು. ವಾರ್ಡಿಗೆ ಬಿಡುದಿಲ್ಲ ಅಂತ ಗೇಟಿನಲ್ಲಿ ಅಲ್ಲಿಯ ಆಯಾನ ಕೈಗೆ ಕೊಟ್ಟು ಬರುದು. ಸಂಕ್ರಾಂತಿಗೆ ನಿನಗೆ ಪಾಯಸ ಬಂತಲ್ಲ? ಹರಕೆ ಮುಗಿದದ್ದಕ್ಕೆ ದೇವರಿಗೆ ಇಟ್ಟದ್ದು ಅದು."

ನಿಕಿತಾ ಮಂಚದ ಅಂಚನ್ನು ಹಿಡಿದುಕೊಂಡಳು. ಜ್ವರದ ಆ ದಿನಗಳಲ್ಲಿ, ಕಣ್ಣು ಬಿಡಲಾಗದೆ ನುಂಗಿದ ಆ ಬಿಸಿ ಗಂಜಿ...

"ಹಾಗಾದ್ರೆ ಸಂಕ್ರಾಂತಿ ಆದ್ಮೇಲೆ ಯಾಕೆ ಬರ್ತಿದ್ರು?"

"ಅದನ್ನು ನನ್ನ ಹತ್ತಿರ ಕೇಳ್ತೀಯಲ್ಲ! ಹರಕೆ ಇದ್ದಿದ್ರೆ ಆ ದಿನ ನನ್ನನ್ನು ಕಳಿಸ್ತಿದ್ನಾ ಅವ? ಕೈಯಾರೆ ಅಂತ ಹೇಳಿಕೊಂಡವ."

ಇಪ್ಪತ್ತೊಂದು ದಿನ! ಯಾವ ದೇವರಿಗೂ ಲೆಕ್ಕ ಕೊಡಬೇಕಾಗಿಲ್ಲದ ಇಪ್ಪತ್ತೊಂದು ಊಟ!

"ಆಂಟಿ, ಅವರಿಗೆ ಏನೂ ಹೇಳ್ಬೇಡಿ. ನಾನೇ ಬರ್ತೀನಿ."

"ಅಯ್ಯೋ, ಮೆಟ್ಟಿಲು..."

"ಬರ್ತೀನಿ."

ಇಳಿಯುವಾಗ ಮೊದಲು ನೋವಿನ ಕಾಲು. ಆಸ್ಪತ್ರೆಯ ಫಿಸಿಯೋ ಹೇಳಿಕೊಟ್ಟದ್ದನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಅವಳು ಒಂದೊಂದೇ ಮೆಟ್ಟಿಲು ಇಳಿದಳು. ಹದಿನೆಂಟಕ್ಕೆ ಬೆವರು ಒರೆಸಿಕೊಂಡಳು. ಮೂವತ್ತಾರಕ್ಕೆ ಗೋಡೆಗೊರಗಿ ಅತ್ತಳು. ಕೆಳಮನೆಯ ಬಂಗಾಳಿ ಹೆಂಗಸು, ಮಾಸಿಮಾ, ಬಾಗಿಲಿಗೆ ಬಂದು, "ಓ ಮಾ!" ಎಂದು ಕೆನ್ನೆಗೆ ಕೈಯಿಟ್ಟುಕೊಂಡು, ತಾವೇ ಹೋಗಿ ಟ್ಯಾಕ್ಸಿ ನಿಲ್ಲಿಸಿದರು.

ಮೆಸ್ಸಿನಲ್ಲಿ ಊಟದ ಗದ್ದಲ ಇಳಿಯುತ್ತಿತ್ತು. ನಿಕಿತಾ ಮೂಲೆಯ ಮೇಜಿಗೆ ಊರುಗೋಲು ಒರಗಿಸಿ ಕೂತಳು. ಮೆಸ್ಸಿನ ಹುಡುಗನೊಬ್ಬ ಅವಳ ಮುಂದೆ ಎಲೆ ಹಾಕಿ ಹೋದ. ಸಾರಿನ ಬಕೆಟ್ಟು ಹಿಡಿದು ಒಳಗಿನಿಂದ ಬಂದ ರವಿರಾಜ ಮೂರು ಮೇಜು ದಾಟಿ, ನಾಲ್ಕನೆಯದರ ಮುಂದೆ ನಿಂತುಬಿಟ್ಟ.

ಎಷ್ಟು ಸೊರಗಿದ್ದಾರೆ ಇವರು!

"ನೀವು... ಹೇಗೆ ಬಂದ್ರಿ?"

"ನಡ್ಕೊಂಡು."

ಅವನ ಕಣ್ಣು ಅವಳ ಕಾಲಿನ ಮೇಲೆ ಇಳಿಯಿತು.

"ನನ್ನಿಂದ ಆದದ್ದು ಎಲ್ಲ. ಒಳದಾರಿ ಹೇಳಿದವ ನಾನು. ಮೊದಲ ದಿನವೇ ಹೇಳಬೇಕಿತ್ತು, ಧೈರ್ಯ ಬರ್ಲಿಲ್ಲ. ಚೀಟಿ ನೋಡಿ... ಇನ್ನು ನನ್ನ ಮುಖ ನೋಡುವುದು ಬೇಡ ನಿಮಗೆ ಅಂದ್ಕೊಂಡೆ."

"ರವಿ, ಇಲ್ಲಿ ಕೇಳಿ." ಅವಳು ಮೊದಲ ಸಲ ಹಾಗೆ ಕರೆದಳು. "ನಾನೂ ಯಾರಿಗೂ ಹೇಳಿಲ್ಲ ಒಂದು ವಿಷ್ಯ. ಅಪ್ಪನಿಗೂ ಹೇಳಿಲ್ಲ. ಒಳದಾರಿಯಲ್ಲಿ ನಂಗೇನೂ ಆಗ್ಲಿಲ್ಲ. ಮಂಜು ಸರಿದು ಬೆಟ್ಟ ಕಾಣ್ತು. ಫೋಟೋ ತೆಗೆಯೋಣ ಅಂತ ದಾರಿ ಬಿಟ್ಟು ಒಂದು ಕಲ್ಲು ಹತ್ತಿದೆ. ಪಾಚಿ ಕಟ್ಟಿತ್ತು. ನನ್ನ ದಡ್ಡತನಕ್ಕೆ ನಾಚಿಕೆ ಆಗಿ ಸುಮ್ನಿದ್ದೆ. ನೀವು ಇಷ್ಟು ದಿನ ಅದನ್ನ ಹೊತ್ಕೊಂಡು ತಿರುಗಿದ್ರಾ!"

ಅವನು ಬಕೆಟ್ಟನ್ನು ನೆಲಕ್ಕಿಟ್ಟ.

"ಸಂಕ್ರಾಂತಿ ಆದ್ಮೇಲೂ ಯಾಕೆ ಬಂದ್ರಿ?" ಅವಳು ಮೆಲ್ಲಗೆ ಕೇಳಿದಳು.

ಅವನು ಹೆಗಲ ಮೇಲಿನ ಬಟ್ಟೆ ತೆಗೆದು ಕೈ ಒರೆಸಿಕೊಂಡ. ಒಳಗೆ ಪಾತ್ರೆ ತೊಳೆಯುವ ಸದ್ದು.

"ಸಂಕ್ರಾಂತಿ ಮರುದಿನ, ಇವತ್ತು ಹೋಗದಿದ್ರೂ ಆಗ್ತದೆ ಅಂತ ಕೂತೆ. ಒಂದು ಗಂಟೆ ಆಗುವಾಗ ಕೂರಲಿಕ್ಕೆ ಆಗ್ಲಿಲ್ಲ. ನಿಮಗೆ ಹಸಿವು ಆಗ್ತದೆ ಅಂತ ಅಲ್ಲ..." ಅವನ ದನಿ ಒಡೆಯಿತು. "ನನಗೆ ನಿಮ್ಮ ಮಾತು ಬೇಕಿತ್ತು. ನೀವು ಬೈದ್ರೂ ಆಗ್ತಿತ್ತು. ನಿಮ್ಮ ಮೇಲೆ ಜೀವ ಇಟ್ಕೊಂಡುಬಿಟ್ಟಿದ್ದೇನೆ ನಿಕಿತಾ. ಅಯ್ಯೋ ಪಾಪ ಅಂತ ಅಲ್ಲ, ಸತ್ಯವಾಗಿ."

ಅವಳ ಕಣ್ಣೀರು ಎಲೆಯ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ.

"ಮೂರು ದಿನ ಬ್ರೆಡ್ಡು ತಿಂದಿದೀನಿ. ನಿಮ್ಮದು ಊಟ ಆಯ್ತಾ?"

"ಇಲ್ಲ. ಎಲ್ಲರದ್ದೂ ಆದ ಮೇಲೆ ಬಡಿಸಿದವರದ್ದು."

"ಹಾಗಾದ್ರೆ ಕಾಯ್ತೀನಿ."

ಕೊನೆಯ ಗಿರಾಕಿ ಕೈ ತೊಳೆದು ಹೊರಟ. ಗಿರಿಜಮ್ಮ ಏನೂ ಕೇಳದೆ ಇನ್ನೊಂದು ಎಲೆ ತಂದು ಅವಳ ಎದುರಿಗೆ ಹಾಕಿ, ಒಳಗೆ ಹೋಗಿಬಿಟ್ಟರು. ರವಿರಾಜ ಎರಡೂ ಎಲೆಗೆ ಬಡಿಸಿ ಕೂತ. ಇಬ್ಬರ ನಡುವೆ ಒಂದು ಮೇಜಿನಷ್ಟೇ ದೂರ. ಅವನು ಉಣ್ಣುವಾಗ ಹೇಗೆ ತಲೆ ಬಗ್ಗಿಸುತ್ತಾನೆಂದು ಅವಳು ಅಂದೇ ಮೊದಲು ನೋಡಿದ್ದು.

"ಯಾಕೆ ಹಾಗೆ ನೋಡ್ತೀರಿ? ಊಟ ಮಾಡಿ."

"ಮಾಡ್ತೀನಿ."

"ಮೆಟ್ಟಿಲು ಹತ್ತಲಿಕ್ಕೆ ಕಷ್ಟ ಆಗ್ತದೆ ನಿಮಗೆ. ಬೇಗ ಹೊರಡುವ, ನಾನು ಬಿಟ್ಟು ಬರ್ತೇನೆ."

ನಿಕಿತಾ ಅನ್ನಕ್ಕೆ ಇನ್ನಷ್ಟು ಸಾರು ಹಾಕಿಕೊಂಡಳು.

"ನಿಧಾನಕ್ಕೆ ಊಟ ಮಾಡಿ ರವಿ. ನಂಗೆ ಹೋಗೋ ಅವಸರ ಏನೂ ಇಲ್ಲ."